ಡಬ್ಬಿಯ ತಪ್ಪಿಗೆ ಸೊಸೆಯ ಮೇಲೆ ದೂರು

ಆ ದಿನವೂ ಹಿಟ್ಟು ಉಬ್ಬಲಿಲ್ಲ.

ಎರಡು ಗಂಟೆ ಕಾದರೂ ಪಾತ್ರೆಯ ತಳದಲ್ಲಿ ಮುದ್ದೆಯಾಗಿ ಹಾಗೇ ಕೂತಿತ್ತು. ಸೊಸೆ ಮುಚ್ಚಿದ ಬಟ್ಟೆ ಎತ್ತಿ ನೋಡಿದಳು, ಮುಚ್ಚಿದಳು, ಮತ್ತೆ ಎತ್ತಿ ನೋಡಿದಳು.

“ಎಷ್ಟು ಸಲ ನೋಡಿದ್ರೂ ಅಷ್ಟೇ,” ಎಂದರು ಅತ್ತೆ ಹಿಂದಿನಿಂದ. “ನಿನ್ನ ಕೈಗುಣವೇ ಸರಿ ಇಲ್ಲ.”

ಅತ್ತೆ ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬನ್ ಮಾಡಿ ಮಾರುವವರು. ಬೀದಿಯವರಿಗೆಲ್ಲ ಅವರು ಬನ್ನತ್ತೆ. ಮಗನ ಮದುವೆಯಾಗಿ ಮೂರು ತಿಂಗಳಾಗಿತ್ತು. ಸೊಸೆ ತವರಿನಲ್ಲೇ ಬ್ರೆಡ್ಡು, ಬನ್ನು ಕಲಿತು ಬಂದವಳು. ಹಿಟ್ಟು ನಾದುವುದೆಂದರೆ ಅವಳಿಗೆ ಪ್ರಾಣ. ಬಂದ ಮೊದಲ ತಿಂಗಳು ಅವಳು ನಾದಿದ ಬನ್ನುಗಳು ಹತ್ತಿಯಂತೆ ಮೆತ್ತಗೆ ಬಂದಿದ್ದವು. ಅದನ್ನು ಈಗ ಯಾರೂ ನೆನೆಸಿಕೊಳ್ಳುತ್ತಿರಲಿಲ್ಲ.

ಎರಡನೇ ತಿಂಗಳಿಂದ ಬನ್ನುಗಳು ಚಿಕ್ಕವಾದವು. ಆಮೇಲೆ ಗಟ್ಟಿಯಾದವು. ಹಿಂದಿನ ವಾರ ಹತ್ತಿರದ ಆಸ್ಪತ್ರೆಯ ವಾರ್ಡಿನ ರೋಗಿಗಳಿಗೆಂದು ಕೊಂಡೊಯ್ದ ಆಯಾ ಒಂದು ಟ್ರೇ ಹಾಗೆಯೇ ವಾಪಸ್ ತಂದಿಟ್ಟು, “ಬನ್ನತ್ತೆ, ಹಲ್ಲಿಲ್ಲದವರು ಇವನ್ನ ಹೇಗೆ ತಿಂತಾರೆ ಹೇಳಿ,” ಎಂದು ಮೆಲ್ಲಗೆ ಕೇಳಿ ಹೋಗಿದ್ದಳು. ಪಾಪ, ಜೋರಾಗಿ ಹೇಳಿ ಅವಮಾನ ಮಾಡಲು ಅವಳಿಗೆ ಮನಸ್ಸಿರಲಿಲ್ಲ. ಮಗ ಅಂಥ ಎರಡು ಬನ್ನನ್ನು ಚಹಾದಲ್ಲಿ ಅದ್ದಿ ತಿಂದು, “ರುಚಿ ಚೆನ್ನಾಗೇ ಇದೆಯಲ್ಲಮ್ಮ,” ಎಂದ. ಹೆಂಡತಿಯ ಮುಖ ನೋಡಿ ಮೂರನೆಯದನ್ನೂ ತಿಂದ.

ಒಂದು ದಿನ ಬನ್ನತ್ತೆ ತಾವೇ ನಾದಿದರು. ಆಗಲೂ ಹಿಟ್ಟು ಉಬ್ಬಲಿಲ್ಲ. ಅಲ್ಲಿಗಾದರೂ ಮಾತು ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. “ಜರಡಿ ಹಿಡಿದವಳು ಅವಳೇ ತಾನೇ!” ಎಂದುಬಿಟ್ಟರು. ಇದು ಯಾವ ನ್ಯಾಯ? ನಾದಿದರೂ ಅವಳ ತಪ್ಪು, ನಾದದಿದ್ದರೂ ಅವಳದೇ ತಪ್ಪು. ಪಕ್ಕದ ಮನೆಯ ಚಿಕ್ಕಮ್ಮನಿಗೆ ಹೇಳಿದರು, ಇಸ್ತ್ರಿ ಅಂಗಡಿಯವನಿಗೂ ಹೇಳಿದರು. ಆ ಹುಡುಗಿ ಹಿಟ್ಟು ಮುಟ್ಟುವ ಮೊದಲು ಮೂರು ಮೂರು ಸಲ ಸೋಪು ಹಚ್ಚಿ ಕೈ ತೊಳೆಯತೊಡಗಿದಳು. ಉಗುರಿನ ಸುತ್ತ ಚರ್ಮ ಸುಲಿಯಿತು. ತನ್ನ ಕೈಯಲ್ಲೇ ಏನೋ ಇದೆ ಎಂದು ಅವಳೂ ನಂಬಿಬಿಟ್ಟಿದ್ದಳು.

“ನಾಳೆಯಿಂದ ನೀನು ಹಿಟ್ಟು ಮುಟ್ಟಬೇಡ,” ಎಂದರು ಬನ್ನತ್ತೆ. “ಟ್ರೇ ತೊಳ್ಕೊಂಡಿರು, ಸಾಕು. ಈಗ ಯೀಸ್ಟಿನ ಡಬ್ಬಿ ತಗೊಂಡು ನನ್ನ ಜೊತೆ ಅಂಗಡಿಗೆ ಬಾ. ಅದೂ ಮುಗೀತಾ ಬಂತು.”

ಬೇಕರಿ ಸಾಮಾನಿನ ಅಂಗಡಿ ನಡೆಸುವ ಅಕ್ಕ ನಗುತ್ತಾ ಬರಮಾಡಿಕೊಂಡಳು. ಹುಡುಗಿಯ ಕೈ ನೋಡಿ ತಕ್ಷಣ ಸ್ಟೂಲು ಎಳೆದುಕೊಟ್ಟಳು.

“ಇದೇನಮ್ಮಾ ಕೈ ಹೀಗಾಗಿದೆ?”

ಹುಡುಗಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಉತ್ತರ ಅತ್ತೆಯಿಂದ ಬಂತು. “ಆ ಕೈಯೇ ನೋಡು ನಮ್ಮ ವ್ಯಾಪಾರ ಹಾಳು ಮಾಡಿದ್ದು. ಅವಳು ಮುಟ್ಟಿದ ಹಿಟ್ಟು ಉಬ್ಬೋದೇ ಇಲ್ಲ.”

ಗುಂಡಿ ಕೊಳ್ಳಲು ಪಕ್ಕದ ಅಂಗಡಿಗೆ ಬಂದಿದ್ದ ದರ್ಜಿ ಇತ್ತ ತಿರುಗಿ ನೋಡಿದ. ಅಂಗಡಿ ಅಕ್ಕನ ನಗು ಅಲ್ಲಿಗೆ ನಿಂತಿತು.

“ಕೈಯಾ? ಬನ್ನತ್ತೆ, ನಿಮ್ಮ ಬಾಯಿಂದ ಇಂಥ ಮಾತಾ? ಹಿಟ್ಟು ಉಬ್ಬಿಸೋದು ಯೀಸ್ಟು. ಆ ಡಬ್ಬಿ ಕೊಡಿ ಇಲ್ಲಿ.”

“ಯೀಸ್ಟ್ ನಿನ್ನ ಅಂಗಡೀದೇ. ಮದುವೆ ಸಮಯದಲ್ಲಿ ಮಗ ದೊಡ್ಡ ಪ್ಯಾಕೆಟ್ ತಗೊಂಡು ಬಂದ. ಪುಡಿಗೇನು ಆಗುತ್ತೆ?”

“ಏನಾಗುತ್ತೆ ಅಂತ ನೋಡೋಣ.”

ಅಕ್ಕ ಫ್ಲಾಸ್ಕಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಬೆರಳಿಟ್ಟು, ಉಗುರುಬೆಚ್ಚಗೆ ಮಾಡಿಕೊಂಡಳು. ಎರಡು ಗಾಜಿನ ಲೋಟಗಳಿಗೆ ಅರ್ಧರ್ಧ ಸುರಿದು, ಒಂದೊಂದು ಚಮಚ ಸಕ್ಕರೆ ಕದಡಿದಳು. ಅಂಗಡಿಯ ಫ್ರಿಜ್ಜಿನಿಂದ ಹೊಸ ಪ್ಯಾಕೆಟ್ ತೆಗೆದು ಕತ್ತರಿಸಿದಳು.

“ಈಗ ಕೇಳಿ. ಹಳೇ ಡಬ್ಬಿಯದನ್ನ ಬನ್ನತ್ತೆ, ನೀವು ನಿಮ್ಮ ಕೈಯಿಂದಲೇ ಎರಡು ಚಮಚ ಹಾಕಿ. ಇಪ್ಪತ್ತು ವರ್ಷದ ಕೈ ಅಲ್ವಾ ಅದು! ಹೊಸದನ್ನ ನೀನು ಹಾಕು ತಂಗಿ.”

“ನಾನು ಬೇಡ ಅಕ್ಕಾ.”

“ನೀನೇ ಹಾಕಬೇಕು.”

ಹುಡುಗಿ ಎರಡು ಚಮಚ ಅಳೆದು ಹಾಕಿದಳು. ಹತ್ತು ನಿಮಿಷ ಎಲ್ಲರೂ ಕಾದರು. ದರ್ಜಿಯೂ ಗುಂಡಿ ಮರೆತು ನಿಂತ.

ಸೊಸೆಯ ಲೋಟದಲ್ಲಿ ಮೊದಲು ಸಣ್ಣ ಗುಳ್ಳೆಗಳು ಎದ್ದವು. ಆಮೇಲೆ ಕಂದು ಬಣ್ಣದ ನೊರೆ ದಪ್ಪಗೆ ಕೂಡಿ ಮೇಲಕ್ಕೆ ಏರಿತು. ಉಬ್ಬಿದ ಹಿಟ್ಟಿನಂಥ ಹಿತವಾದ ಹುಳಿ ವಾಸನೆ ಹರಡಿತು. ಅತ್ತೆಯ ಲೋಟದಲ್ಲಿ ಪುಡಿ ಕೆಸರಿನಂತೆ ತಳ ಸೇರಿತ್ತು. ಒಂದು ಗುಳ್ಳೆಯೂ ಇಲ್ಲ.

“ಹಾಗಾದ್ರೆ ಈಗ ಯಾರ ಕೈಗುಣ ಸರಿ ಇಲ್ಲ?” ಎಂದ ದರ್ಜಿ.

“ನೀನು ನಿನ್ನ ಗುಂಡಿ ತಗೊಂಡು ಹೋಗಪ್ಪಾ!” ಎಂದರು ಬನ್ನತ್ತೆ. ಆದರೆ ದನಿಯಲ್ಲಿ ಜೋರಿರಲಿಲ್ಲ.

“ಡಬ್ಬಿ ಎಲ್ಲಿಟ್ಟಿದ್ರಿ?” ಅಕ್ಕ ಕೇಳಿದಳು.

“ಓವನ್ ಮೇಲಿನ ಹಲಗೆ ಮೇಲೆ. ಉಣ್ಣೆ ಬಟ್ಟೆ ಸುತ್ತಿ ಬೆಚ್ಚಗೇ ಇಟ್ಟಿದ್ದೆ. ಯೀಸ್ಟಿಗೆ ಬೆಚ್ಚಗಿರಬೇಕು ಅಂತ ಎಲ್ಲರೂ ಹೇಳ್ತಾರಲ್ಲ!”

ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ ಅತ್ತೆ, ಬೆಚ್ಚಗಿರಬೇಕಾದ್ದು ಹಿಟ್ಟು. ಒಣ ಯೀಸ್ಟು ಅಂದ್ರೆ ನಿದ್ದೆಯಲ್ಲಿರೋ ಜೀವ. ಕೋಟಿಗಟ್ಟಲೆ ಪುಟಾಣಿ ಜೀವಗಳು. ತಣ್ಣಗೆ, ಒಣಗಿದ್ರೆ ನೆಮ್ಮದಿಯಾಗಿ ಮಲಗಿರ್ತವೆ. ಓವನ್ ಮೇಲಿಟ್ರೆ ಶಾಖಕ್ಕೆ ದಿನಾ ಸ್ವಲ್ಪ ಸ್ವಲ್ಪ ಸಾಯ್ತವೆ. ಮುಚ್ಚಳ ಬಿಗಿ ಇತ್ತಾ?”

“ಮುಚ್ಚಳ ಸಡಿಲ,” ಎಂದಳು ಸೊಸೆ. ಇಷ್ಟು ಹೊತ್ತಿಗೆ ಅವಳ ಬಾಯಿಂದ ತಾನಾಗಿ ಬಂದ ಮೊದಲ ಮಾತು ಅದು. “ಚಮಚಾನೂ ಒದ್ದೆ ಇರ್ತಿತ್ತು.”

“ಇನ್ನೇನು! ಆವಿ, ಗಾಳಿ, ನೀರು, ಶಾಖ, ಎಲ್ಲಾ ಸೇರಿ ಮುಗಿಸಿದ್ದಾವೆ.”

ಬನ್ನತ್ತೆ ಸೋಲೊಪ್ಪಲಿಲ್ಲ. “ಮೊದಲು ಹೀಗಾಗ್ತಿರಲಿಲ್ಲ. ಆಗಲೂ ಡಬ್ಬಿ ಅಲ್ಲೇ ಇತ್ತು.”

“ಮೊದಲು ಚಿಕ್ಕ ಪ್ಯಾಕೆಟ್ ಒಯ್ತಿದ್ರಿ, ವಾರದಲ್ಲಿ ಖಾಲಿ. ಸಾಯೋಕೆ ಸಮಯವೇ ಸಿಗ್ತಿರಲಿಲ್ಲ. ಈ ಸಲ ದೊಡ್ಡದು, ಮೂರು ತಿಂಗಳು ಶಾಖದಲ್ಲಿ ಕೂತಿದೆ. ಸೊಸೆ ಬಂದಿದ್ದೂ ಆಗಲೇ, ದೊಡ್ಡ ಪ್ಯಾಕೆಟ್ ಬಂದಿದ್ದೂ ಆಗಲೇ. ನೀವು ಪ್ಯಾಕೆಟ್ಟನ್ನ ಬಿಟ್ಟು ಹುಡುಗೀನ ಹಿಡ್ಕೊಂಡ್ರಿ!” ಅಕ್ಕನ ದನಿ ಏರಿತ್ತು. ಆಮೇಲೆ ತಗ್ಗಿಸಿ ಹೇಳಿದಳು, “ನಂದೂ ತಪ್ಪಿದೆ. ದೊಡ್ಡ ಪ್ಯಾಕೆಟ್ ಕೊಡೋವಾಗ ಹೇಗಿಡಬೇಕು ಅಂತ ನಿಮ್ಮ ಮಗನಿಗೆ ಹೇಳಬೇಕಿತ್ತು. ಹೇಳಲಿಲ್ಲ.”

ಬನ್ನತ್ತೆ ನೊರೆ ತುಂಬಿದ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು, ಸುಲಿದ ಬೆರಳುಗಳನ್ನು ಒಂದೊಂದಾಗಿ ನೋಡಿದರು.

“ಇಷ್ಟು ಉಜ್ಜಿದ್ಯೇನೇ?” ಎಂದರು.

ಮನೆಯ ದಾರಿಯಲ್ಲಿ ಅವರು ಇಸ್ತ್ರಿ ಅಂಗಡಿಯ ಮುಂದೆ ನಿಂತರು. “ಬೇಡ ಅತ್ತೆ, ಬನ್ನಿ ಹೋಗೋಣ,” ಎಂದು ಸೊಸೆ ಎಳೆದಳು.

“ಬೇಡ ಅಂದ್ರೆ? ಬೈದಿದ್ದು ಜೋರಾಗಿ, ವಾಪಸ್ ತಗೊಳ್ಳೋದು ಪಿಸುಮಾತಿನಲ್ಲಾ?” ಎಂದವರೇ ಕೂಗಿ ಹೇಳಿದರು. “ಏಯ್ ಇಸ್ತ್ರಿಯವನೇ, ನಮ್ಮ ಸೊಸೆ ಕೈಯಲ್ಲಿ ಏನೂ ತಪ್ಪಿಲ್ಲ. ತಪ್ಪು ನಂದು. ಯೀಸ್ಟ್ ಕೊಂದಿದ್ದು ನಾನು!” ಅವನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೇ ಬಾಯಿ ಬಿಟ್ಟು ನೋಡಿದ. ಪಕ್ಕದ ಮನೆಯ ಚಿಕ್ಕಮ್ಮನ ಬಾಗಿಲಲ್ಲೂ ಅಷ್ಟೇ ಜೋರಾಗಿ ಹೇಳಿದರು.

ಮರುದಿನ ಹೊಸ ಯೀಸ್ಟ್ ಹಾಕಿ ಹಿಟ್ಟು ನಾದಿದ್ದು ಸೊಸೆ. ಅತ್ತೆ ಟ್ರೇ ತೊಳೆದರು. ಪಾತ್ರೆಯ ಬಟ್ಟೆಯನ್ನು ಹಿಟ್ಟೇ ಮೇಲಕ್ಕೆತ್ತಿತು.

ಓದುವ ಅಕ್ಕ ತಂಗಿಯರೇ, ಅಣ್ಣಂದಿರೇ, ಮನೆಯಲ್ಲಿ ಯೀಸ್ಟ್ ಇಟ್ಟುಕೊಳ್ಳುವ ಎಲ್ಲರಿಗೂ ಒಂದು ಮಾತು. ಒಡೆಯದ ಪ್ಯಾಕೆಟ್ಟನ್ನು ತಂಪಾದ, ಒಣಗಿದ, ಬಿಸಿಲು ಬೀಳದ ಜಾಗದಲ್ಲಿಡಿ. ಮೇಲಿನ ತಾರೀಕು ನೋಡಿಯೇ ಕೊಳ್ಳಿ. ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಸುಮಾರು ನಾಲ್ಕು ತಿಂಗಳು, ಫ್ರೀಜರಿನಲ್ಲಾದರೆ ಆರು ತಿಂಗಳು ಜೀವ ಇರುತ್ತದೆ. ಒಡೆದ ದಿನವನ್ನು ಡಬ್ಬಿಯ ಮೇಲೆ ಬರೆಯಿರಿ. ಒಣ ಚಮಚವನ್ನೇ ಬಳಸಿ, ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ. ಫ್ರಿಜ್ ಇಲ್ಲವೇ? ಚಿಕ್ಕ ಪ್ಯಾಕೆಟ್ ಕೊಂಡು ಬೇಗ ಮುಗಿಸಿ. ಅನುಮಾನ ಬಂದರೆ ಉಗುರುಬೆಚ್ಚಗಿನ ನೀರು, ಸಕ್ಕರೆ, ಹತ್ತು ನಿಮಿಷ, ಇಷ್ಟೇ ಪರೀಕ್ಷೆ. ನೊರೆ ಬಾರದಿದ್ದರೆ ಆ ಯೀಸ್ಟ್ ಚೆಲ್ಲಿ. ನೀರು ಮಾತ್ರ ಸುಡಬಾರದು, ಸುಡುವ ನೀರಿನಲ್ಲಿ ಒಳ್ಳೆಯ ಯೀಸ್ಟೂ ಸಾಯುತ್ತದೆ.

ಹತ್ತು ನಿಮಿಷದಲ್ಲಿ ಗೊತ್ತಾಗುವ ಸತ್ಯಕ್ಕೆ ಒಬ್ಬ ಹುಡುಗಿ ಎರಡು ತಿಂಗಳು ಕೈ ಉಜ್ಜಿಕೊಂಡಳು. ಇನ್ನೊಂದು ಮನೆಯಲ್ಲಿ ಹೀಗಾಗಕೂಡದು. ನಿಮ್ಮ ಯೀಸ್ಟ್ ಡಬ್ಬಿ ಈಗ ಎಲ್ಲಿದೆ? ಒಲೆಯ ಪಕ್ಕದಲ್ಲಿದ್ದರೆ, ಈ ಕಾಗದ ಕೆಳಗಿಟ್ಟು ಮೊದಲು ಎದ್ದು ಹೋಗಿ ಅದನ್ನು ಅಲ್ಲಿಂದ ತೆಗೆಯಿರಿ.