ಅಂಜುಮಳ ತಲೆಯೊಳಗಿನ ಚುಕ್ಕಿ

ಮಗಳು ಶಾಲೆಯಲ್ಲಿ ಬಿದ್ದಳು ಎಂಬ ಸುದ್ದಿ ಬಂದಾಗ ಮೈಮುನಬಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿದಳು. ಹೊಳೆಆಲೂರಿನ ಆ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಗುಂಪುಗೂಡಿ ನಿಂತಿದ್ದರು. ನಡುವೆ ಎಂಟನೇ ಇಯತ್ತೆಯ ಅಂಜುಮ ನೆಲದ ಮೇಲೆ ಬಿದ್ದು ಕೈಕಾಲು ಸೆಟೆದು ಒದ್ದಾಡುತ್ತಿದ್ದಳು. ಬಾಯಲ್ಲಿ ನೊರೆ ಬಂದಿತ್ತು. ಒಬ್ಬರು ಅವಳ ಮುಷ್ಟಿಯೊಳಗೆ ಕಬ್ಬಿಣದ ಕೀಲಿಕೈ ತುರುಕುತ್ತಿದ್ದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದಿದ್ದರು.

ಎರಡು ಸಾವಿರದ ಆರನೇ ಇಸವಿ, ಶ್ರಾವಣ. ಒಂದೇ ತಿಂಗಳಲ್ಲಿ ಹೀಗೆ ಮೂರು ಸಲ ಆಯಿತು. ಮೈಮುನಬಿ ಮಗಳನ್ನು ಶಾಲೆಗೆ ಕಳಿಸುವುದನ್ನು ಬಿಟ್ಟಳು. ಗಂಡ ಇಸ್ಮಾಯಿಲಸಾಬ ಮನೆಯ ಮುಂದಿನ ಕಟ್ಟೆಯ ಮೇಲೆ ತಗಡಿನ ಪೆಟ್ಟಿಗೆ, ಬಕೀಟು ಮಾಡಿ ಮಾರುವವನು. ಮಾತು ಕಡಿಮೆ. ಮಗಳಿಗೆ ಹೀಗಾದ ಮೇಲೆ ಅದೂ ನಿಂತುಹೋಗಿತ್ತು. ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು.

ಪಕ್ಕದ ಮನೆಯ ಯಂಕವ್ವ ಕೆಟ್ಟವಳಲ್ಲ. ಅಂಜುಮ ಹುಟ್ಟಿದಾಗ ಮೊದಲು ನೀರು ಎರೆದವಳು ಅವಳೇ. ಸಂಕಟ ತಡೆಯಲಾರದೆ ಒಂದು ದಿನ ಹೇಳಿದಳು.

"ಮೈಮುನಬಿ, ನನ್ನ ಮಾತ ಕೇಳು. ಹೊಳಿ ಆಚಿ ಒಬ್ಬಾಂವ ಅದಾನ. ಕಾಸಿದ ಕಬ್ಬಣದ್ಲೆ ಹಣಿಗೆ ಬರಿ ಕೊಟ್ರ ಈ ರೋಗ ಓಡಿ ಹೋಗ್ತೈತಂತ. ಬರೂ ಅಮಾಸಿಗೆ ಕರ್ಕೊಂಡು ಹೋಗೂಣು."

"ಹಣಿಗೆ ಬರಿ? ನಾಳೆ ಲಗ್ನ ಆಗೂ ಹುಡುಗಿಗೆ?"

"ಬರಿ ಇದ್ರ ಸೆರಗ ಹೊದ್ದು ಮುಚ್ಚಬಹುದು. ಹಿಂಗ ನಡುಬೀದಿಯೊಳಗ ಬಿದ್ರ ಏನ ಹೊದಸ್ತಿ?"

ಅಮಾವಾಸ್ಯೆಗೆ ಇನ್ನು ಹತ್ತು ದಿನ ಇತ್ತು. ಮೈಮುನಬಿ ಆಗಲಿ ಎಂದುಬಿಟ್ಟಳು.

ಅದೇ ವಾರ ಓಣಿಯ ಮಗಳು ಜಹೀದಾ ಊರಿಗೆ ಬಂದಳು. ರೈಲ್ವೆ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದ ನಜೀರಸಾಬನ ಮಗಳು ಅವಳು. ಬೆಂಗಳೂರಿನಲ್ಲಿ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದವಳಿಗೆ ದಿಲ್ಲಿಯಲ್ಲಿ ದೊಡ್ಡ ಪ್ರಶಸ್ತಿ ಸಿಕ್ಕಿತ್ತು. ತಾಲೂಕಿನ ಊರಾದ ರೋಣದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಮರುದಿನ ಓಣಿಯ ಹೆಂಗಸರೆಲ್ಲ ನಜೀರಸಾಬನ ಪಡಸಾಲೆಯಲ್ಲಿ ಸೇರಿದರು. ಮೈಮುನಬಿಯೂ ಹೋದಳು. ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಹೆದರಿ ಜೊತೆಗೆ ಕರೆದುಕೊಂಡು ಹೋದಳು.

"ಏನ ಮಾಡಿದ್ದಕ್ಕ ಕೊಟ್ರವಾ ಇದನ್ನ?" ಯಂಕವ್ವ ಪ್ರಶಸ್ತಿಯ ಫಲಕವನ್ನು ತಿರುಗಿಸಿ ನೋಡುತ್ತ ಕೇಳಿದಳು.

"ಮಿದುಳಿನ ಫೋಟೊ ನೋಡಿದ್ದಕ್ಕ, ದೊಡವ್ವ," ಎಂದು ಜಹೀದಾ ನಕ್ಕಳು.

"ನೋಡಿದ್ದಕ್ಕ?"

ಎಲ್ಲರೂ ನಗುತ್ತಿರುವಾಗಲೇ ಅಂಜುಮಳ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗೆ ಬಿತ್ತು. ಹಿಂದೆಯೇ ಅವಳೂ ಬಿದ್ದಳು. ಹೆಂಗಸರು ಚೀರಿದರು. ಯಂಕವ್ವ ಸೊಂಟದಿಂದ ಕೀಲಿಕೈ ಗೊಂಚಲು ಸೆಳೆದಳು. ಯಾರೋ ಚಮಚ ತಂದು ಹಲ್ಲಿನ ನಡುವೆ ಇಡಲು ಹೋದರು.

"ಬ್ಯಾಡ! ಬಾಯಾಗ ಏನೂ ಇಡಬ್ಯಾಡ್ರಿ!"

ಜಹೀದಾ ಅಂಜುಮಳ ಪಕ್ಕ ಕುಳಿತಳು. ತಲೆಯ ಕೆಳಗೆ ತನ್ನ ಹೆಗಲ ಮೇಲಿನ ಓಢಣಿ ಮಡಚಿ ಇಟ್ಟಳು. ನಿಧಾನವಾಗಿ ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿದಳು. ಜೊಲ್ಲು ಹೊರಗೆ ಹರಿಯಿತು. ಕುತ್ತಿಗೆಯ ಗುಂಡಿ ಸಡಿಲಿಸಿದಳು. ಕೈಕಾಲು ಒತ್ತಿ ಹಿಡಿಯಲಿಲ್ಲ. ಆಮೇಲೆ ತನ್ನ ಕೈಗಡಿಯಾರ ನೋಡುತ್ತ ಕುಳಿತಳು.

"ಇಂಥಾ ಹೊತ್ತಿನ್ಯಾಗ ಗಡಿಯಾರ ನೋಡ್ತೀಯಲ್ಲ!" ಮೈಮುನಬಿ ಕೂಗಿದಳು.

"ನೋಡಬೇಕು ಖಾಲಾ. ಐದು ನಿಮಿಷ ದಾಟಿದ್ರ ಗಾಡಿ ಮಾಡ್ಕೊಂಡು ದವಾಖಾನಿಗೆ ಓಡಬೇಕಾಕ್ಕೈತಿ. ಈಗ ಒಂದೂವರಿ ಆಗೇತಿ. ಗಾಳಿ ಬಿಡ್ರಿ ಎಲ್ಲಾರೂ."

ಎರಡು ನಿಮಿಷ ತುಂಬುವಷ್ಟರಲ್ಲಿ ಅಂಜುಮಳ ಮೈ ಸಡಿಲವಾಯಿತು. ಉಸಿರು ನೆಟ್ಟಗಾಯಿತು. ಕೀಲಿಕೈ ಯಂಕವ್ವನ ಕೈಯಲ್ಲೇ ಉಳಿದಿತ್ತು.

"ಕಬ್ಬಣ ಮುಟ್ಟಿಸಲಾರದ ನಿಂತಿತಲ್ಲ!"

"ತಾನಾಗೇ ನಿಲ್ತೈತಿ ದೊಡವ್ವ. ನಾವು ಕೀಲಿಕೈ ಕೊಟ್ಟ ಹೊತ್ತಿಗೆ ಅದು ನಿಲ್ಲೂ ಹೊತ್ತು ಆಗಿರ್ತೈತಿ. ಅದಕ್ಕ ಕೀಲಿಕೈಗೆ ಹೆಸರು ಬಂತು."

ಹೆಂಗಸರು ಹೋದ ಮೇಲೆ ಮೈಮುನಬಿ ಬರೆಯ ಮಾತು ಹೇಳಿದಳು. ಜಹೀದಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

"ನಮ್ಮ ರಮಜಾನ ಚಾಚಾನ ನೆನಪೈತೇನು ಖಾಲಾ?"

"ಹೊಳ್ಯಾಗ ಹೋದಾಂವ. ನೀ ಆಗ ಸಣ್ಣಾಕಿ."

"ಒಂಬತ್ತು ವರ್ಷ. ಎತ್ತು ಮೈ ತೊಳಿಯಾಕ ಹೋಗಿದ್ದ, ನಾನೂ ಹಿಂದ ಹೋಗಿದ್ದೆ. ಮೊಣಕಾಲಮಟ ನೀರು. ನಿಂತಾಂವ ನಿಂತಂಗ ಬಿದ್ದ, ಕೈಕಾಲು ಬಡಿದ. ನಾ ಆಟ ಆಡಾಕತ್ತಾನ ಅಂದ್ಕೊಂಡೆ. ಊರವರು ಹೊಳಿ ಒಳಗಿನ ದೆವ್ವ ಎಳೀತು ಅಂದ್ರು. ಅವನ ಹಣಿಗೂ ಬರಿ ಇತ್ತು ಖಾಲಾ. ಎರಡು ಇದ್ದುವು."

ಮೈಮುನಬಿಯ ಕೈ ಮಗಳ ಹಣೆಯ ಮೇಲೆ ಹೋಯಿತು.

"ಅವನ ತಲಿಯೊಳಗ ಏನಿತ್ತು ಅನ್ನೂದು ನನಗ ಗೊತ್ತಾಗಬೇಕಿತ್ತು. ಅದಕ್ಕ ಓದಿದೆ," ಎಂದಳು ಜಹೀದಾ.

ಅವಳು ಹೇಳಿದ್ದು ದೊಡ್ಡ ಕಥೆಯೇನೂ ಅಲ್ಲ. ಮುಂಜಾನೆಯ ರೈಲಿಗೆ ಗದಗಿನ ಕಾಲೇಜಿಗೆ ಹೋದದ್ದು, ಧಾರವಾಡದಲ್ಲಿ ಭೌತವಿಜ್ಞಾನ ಓದಿದ್ದು. ಸಂಬಂಧಿಕರು ಲಗ್ನದ ಮಾತು ಎತ್ತಿದಾಗ ತಂದೆ ನಜೀರಸಾಬ, "ಹಳಿ ಹಾಕೋ ಮುಂದ ನಡುವ ಬಿಟ್ಟು ಬರ್ತೀವೇನು?" ಎಂದು ಬಾಯಿ ಮುಚ್ಚಿಸಿದ್ದು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕತ್ತಲ ಕೋಣೆಯಲ್ಲಿ ಕುಳಿತು ಮಿದುಳಿನ ಸಾವಿರಾರು ಚಿತ್ರ ನೋಡಿದ್ದು. ಅವಳ ಮೊದಲ ಸಂಶೋಧನಾ ಬರಹ ಪತ್ರಿಕೆಗಳಿಂದ ಮೂರು ಸಲ ವಾಪಸು ಬಂದಿತ್ತು. ಒಬ್ಬ ಹಿರಿಯರಂತೂ ಚುಕ್ಕಿ ಎಣಿಸುವುದು ಒಂದು ವಿದ್ಯೆಯೇ ಎಂದು ನಕ್ಕಿದ್ದರಂತೆ.

"ನನ್ನ ಕೆಲಸ ಆ ಚುಕ್ಕೀದ ಖಾಲಾ. ಪಿಟ್ಸ್, ಅಂದ್ರ ಈ ಮೂರ್ಛಿ, ಬರೂ ಭಾಳ ಮಂದಿ ತಲಿಯೊಳಗ ಒಂದು ಸಣ್ಣ ಉಂಗುರ ಕಾಣ್ತೈತಿ. ಗಡ್ಡಿನೂ ಹಂಗ ಕಾಣ್ತೈತಿ, ಕ್ಷಯದ ಗಂಟೂ ಹಂಗ ಕಾಣ್ತೈತಿ. ಕೆಲವು ಉಂಗುರದೊಳಗ ಮಾತ್ರ ಒಂದು ಚುಕ್ಕಿ ಇರ್ತೈತಿ. ಅದು ಹುಳದ ತಲಿ. ಹಂಗಿದ್ರ ವಾಸಿ ಆಕ್ಕೈತಿ. ಆ ಚುಕ್ಕಿ ಸ್ಪಷ್ಟ ಕಾಣೂ ಹಂಗ ಚಿತ್ರ ತಗಿಯೂದು ಹ್ಯಾಂಗ ಅಂತ ನಾ ಹುಡುಕಿದೆ."

"ಹಂಗಾರ ನೀನ ಔಷಧ ಕೊಡು."

"ನಾ ಔಷಧ ಬರಿಯೂ ಡಾಕ್ಟರ್ ಅಲ್ಲ. ನನ್ನ ಜೋಡಿ ಪ್ರಶಸ್ತಿ ತಗೊಂಡಾರ ನೋಡ್ರಿ, ಮಾಳಿಂಗರಾಯರು, ಅವರು ನರದ ಡಾಕ್ಟರು. ಹುಬ್ಬಳ್ಳಿಯೊಳಗ ಅದಾರ. ನಾಳೆ ಹೋಗೂಣು."

ಮೈಮುನಬಿಯ ಅನುಮಾನ ಕರಗಲಿಲ್ಲ. ಮಶೀನಿನ ಕರೆಂಟಿಗೆ ಮಿದುಳು ಸುಟ್ಟರೆ? ತಲೆಯ ಫೋಟೊ ತೆಗೆಸಿದರೆ ಹುಚ್ಚಿ ಎಂದು ಮಂದಿ ಆಡಿಕೊಂಡರೆ? ಗಡ್ಡೆಯೇ ಇದ್ದರೆ? ತಿಳಿಯದೆ ಇರುವುದೇ ಚಲೋ ಅಲ್ಲವೇ? ಮನೆಗೆ ಬಂದು ಗಂಡನ ಮುಂದೆ ಇದನ್ನೆಲ್ಲ ಹೇಳಿದಳು. ಇಸ್ಮಾಯಿಲಸಾಬ ಸುತ್ತಿಗೆ ಕೆಳಗಿಟ್ಟ. "ಬಕೀಟು ಸೋರಿದ್ರ ಮೊದಲ ತೂತು ಎಲ್ಲೈತಿ ಅಂತ ನೋಡ್ತೀನಿ," ಎಂದ. "ನೋಡಲಾರದ ಬೆಸಿಗಿ ಹಾಕೂದಿಲ್ಲ. ನಾಳೆ ಹೋಗೂಣು."

ಗದಗಿನವರೆಗೆ ರೈಲು, ಅಲ್ಲಿಂದ ಬಸ್ಸು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮಾಳಿಂಗರಾಯ ಅಂಜುಮಳನ್ನು ಪರೀಕ್ಷಿಸಿ ಎಂಆರ್‌ಐ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಒಂದು ತೊಡಕು ಬಂತು. ಅಂಜುಮಳ ತೋಳಿನಲ್ಲಿ ಲೋಹದ ಡಬ್ಬಿಯ ತಾಯತ ಇತ್ತು. ಅದನ್ನು ಬಿಚ್ಚಬೇಕು ಎಂದರು. ಮೈಮುನಬಿ ಮಗಳ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಇದನ್ನ ಬಿಚ್ಚಿದ್ರ ನನ್ನ ಮಗಳಿಗೆ ಯಾರು ದಿಕ್ಕು?"

ಜಹೀದಾ ಗದರಲಿಲ್ಲ. "ಖಾಲಾ, ಒಳಗಿರೂದು ದೊಡ್ಡ ಅಯಸ್ಕಾಂತ. ಕಬ್ಬಣ ಇದ್ರ ಎಳೀತೈತಿ, ಚಿತ್ರನೂ ಕೆಡ್ತೈತಿ. ತಾಯತ ಒಗಿಯಾಕ ಯಾರು ಹೇಳ್ಯಾರ? ನೀವ ಮುಷ್ಟಿಯೊಳಗ ಹಿಡಕೊಂಡು ಇಲ್ಲೇ ಕೂಡ್ರಿ, ದುವಾ ಮಾಡ್ರಿ. ಒಳಗ ಕರೆಂಟ್ ಮೈಗೆ ಹತ್ತೂದಿಲ್ಲ, ನೋವು ಆಗೂದಿಲ್ಲ. ಸಪ್ಪಳ ಮಾತ್ರ ಭಾಳ."

"ಎಂಥಾ ಸಪ್ಪಳ, ಆಪಾ?" ಅಂಜುಮ ಕೇಳಿದಳು.

"ಅಬ್ಬಾ ತಗಡ ಬಡೀತಾನಲ್ಲ, ಹಂಗ."

ಅಂಜುಮ ಮೊದಲ ಸಲ ನಕ್ಕಳು. "ಆ ಸಪ್ಪಳಕ್ಕ ನನಗ ನಿದ್ದಿ ಬರ್ತೈತಿ!"

ಅರ್ಧ ತಾಸು ಮೈಮುನಬಿ ತಾಯತ ಹಿಡಿದು ಕಣ್ಣು ಮುಚ್ಚಿ ಕುಳಿತಳು. ಗೋಡೆಯಾಚೆ ಟಕ್ ಟಕ್ ಎಂದು ಬಡಿಯುತ್ತಲೇ ಇತ್ತು. ಇಸ್ಮಾಯಿಲಸಾಬ ಎದ್ದು ನಿಲ್ಲುವುದು, ಕೂಡುವುದು ಮಾಡುತ್ತಿದ್ದ. ಕೊನೆಗೆ ಅಂಜುಮ ಕಣ್ಣುಜ್ಜುತ್ತ ಹೊರಬಂದಳು.

ಮಾಳಿಂಗರಾಯರು ಬೆಳಕಿನ ಹಲಗೆಗೆ ಚಿತ್ರ ಸಿಕ್ಕಿಸಿದರು. ಜಹೀದಾ ಹತ್ತಿರ ಹೋಗಿ ಬಾಗಿ ನೋಡಿದಳು. ಮೈಮುನಬಿ ಮುಷ್ಟಿಯೊಳಗಿನ ತಾಯತ ಒತ್ತಿ ಹಿಡಿದಳು. ಆಮೇಲೆ ಜಹೀದಾ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು ಇತ್ತು.

"ಚುಕ್ಕಿ ಐತಿ ಖಾಲಾ."

"ಗಡ್ಡಿ ಅಲ್ಲವ್ವ," ಮಾಳಿಂಗರಾಯರು ಹೇಳಿದರು. "ಲಾಡಿಹುಳದ ಮರಿ. ಕಡ್ಲಿಕಾಳಿಗಿಂತ ಸಣ್ಣದು. ಆಪರೇಶನ್ ಬ್ಯಾಡ. ಗುಳಿಗಿಗೆ ವಾಸಿ ಆಕ್ಕೈತಿ."

ಇಸ್ಮಾಯಿಲಸಾಬ ಹೆಂಡತಿಯ ಭುಜದ ಮೇಲೆ ಕೈ ಇಟ್ಟ. ಅವಳು ಡಾಕ್ಟರ ಕಡೆಗೆ ತಿರುಗಿದಳು.

"ತಲಿಯೊಳಗ ಹುಳ ಹ್ಯಾಂಗ ಬಂತ್ರಿ ಸಾಹೇಬ್ರ? ನಾವು ತಿನಬಾರದ್ದು ಏನೂ ತಿಂದಿಲ್ಲ," ಎಂದಳು.

"ಮಾಂಸ ಮುಟ್ಟಲಾರದವರಿಗೂ ಬರ್ತೈತಿ. ಹೊಟ್ಟಿಯೊಳಗ ಹುಳ ಇದ್ದವರು ಬಯಲಾಗ ಸಂಡಾಸಕ್ಕ ಕೂಡ್ತಾರಲ್ಲ, ಅಲ್ಲಿಂದ ಹುಳದ ತತ್ತಿ ಮಣ್ಣಿಗೆ, ನೀರಿಗೆ ಸೇರ್ತಾವ. ಮಣ್ಣಿಂದ ತಪ್ಪಲಕ್ಕ, ಸೊಪ್ಪಿಗೆ. ನಾವು ಹಕ್ಕರಕಿ, ಮೂಲಂಗಿ, ಗಜ್ಜರಿ ಹಸೀದ ರೊಟ್ಟಿ ಜೋಡಿ ತಿಂತೀವಿ. ಹೊಟ್ಟಿಯೊಳಗ ತತ್ತಿ ಒಡದು ಮರಿ ರಕ್ತದ ಜೋಡಿ ತಲಿಗೆ ಏರ್ತಾವ. ಚಲೋ ನೀರಾಗ ಮೂರು ಸಲ ತೊಳದು ತಿನ್ರಿ. ಪಾಯಖಾನಿಗೆ ಹೋಗಿ ಬಂದು, ಉಣ್ಣೂಕಿಂತ ಮೊದಲು ಸಾಬಾಣದಿಂದ ಕೈ ತೊಳೀರಿ."

"ನಿಮಗ ಇದೆಲ್ಲಾ ಹ್ಯಾಂಗ ಹೊಳೀತ್ರಿ?" ಇಸ್ಮಾಯಿಲಸಾಬ ಮೆಲ್ಲಗೆ ಕೇಳಿದ.

ಮಾಳಿಂಗರಾಯರು ಕುರ್ಚಿಗೆ ಒರಗಿದರು. "ನಮ್ಮಪ್ಪ ಗಜೇಂದ್ರಗಡದ ಗುಡ್ಡದಾಗ ಕುರಿ ಕಾಯ್ತಿದ್ದ. ಒಂದು ಕುರಿ ನಿಂತಲ್ಲೇ ಗಿರಗಿರ ಸುತ್ತಾಕ ಹತ್ತಿತು. ದೃಷ್ಟಿ ಆಗೇತಿ ಅಂದ್ರು ಎಲ್ಲಾರೂ. ಸತ್ತ ಮ್ಯಾಲೆ ನಮ್ಮಪ್ಪ ಅದರ ತಲಿಬುರುಡಿ ಒಡದು ತೋರಿಸಿದ. ಒಳಗ ನೀರಿನ ಗುಳ್ಳಿ. ಅದೂ ಒಂದು ಹುಳಾನ. 'ದೃಷ್ಟಿ ಅಲ್ಲೋ, ನೋಡು' ಅಂದ. ಆ ಗುಳ್ಳಿ ಹಿಂದ ಬಂದಾಂವ ನಾ, ಇಲ್ಲೀಮಟ. ಡಾಕ್ಟರ್ ಆದ ಮ್ಯಾಲೆ ಬಸ್ಸು, ಟ್ರ್ಯಾಕ್ಟರ್ ಹತ್ತಿ ಯಾವಗಲ್ಲು, ನರಗುಂದದ ಕಡೆ ಹಳ್ಳಿ ಹಳ್ಳಿ ತಿರುಗಿ ಪಿಟ್ಸ್ ಬರೂ ಮಂದೀನ ಕಂಡು ಬರಕೊಂಡೆ. ಎಷ್ಟೋ ಮನಿಯೊಳಗ ಅವರನ್ನ ಒಳಗ ಮುಚ್ಚಿಟ್ಟಿದ್ರು. ನಾ ಮಂದೀನ ಹುಡುಕಿದೆ, ಜಹೀದಾ ಚುಕ್ಕೀನ ಹುಡುಕಿದಳು. ಪ್ರಶಸ್ತಿ ಬಂದದ್ದು ಅದಕ್ಕ."

ಗುಳಿಗೆ ಕೊಟ್ಟು ತಾಕೀತು ಮಾಡಿದರು: ಒಂದು ಹೊತ್ತೂ ತಪ್ಪಿಸಬಾರದು, ತಾವಾಗಿ ನಿಲ್ಲಿಸಬಾರದು. ಹುಡುಗಿ ಒಬ್ಬಳೇ ಹೊಳೆಗೆ, ಒಲೆಯ ಮುಂದಕ್ಕೆ ಹೋಗಬಾರದು. ಶಾಲೆಗೆ ಮಾತ್ರ ಹೋಗಲೇಬೇಕು.

ಅಮಾವಾಸ್ಯೆ ಬಂತು, ಹೋಯಿತು. ಅಂಜುಮ ಅಂದು ಶಾಲೆಯಲ್ಲಿದ್ದಳು. ಯಂಕವ್ವ ಸ್ವಲ್ಪ ದಿನ ಮುಖ ಊದಿಸಿಕೊಂಡಳು. ಆಮೇಲೆ ನೋಡಿದರೆ ಹಿತ್ತಲಲ್ಲಿ ಹಕ್ಕರಕಿ ಸೊಪ್ಪನ್ನು ನಾಲ್ಕನೇ ನೀರಿನಲ್ಲಿ ಜಾಲಿಸುತ್ತಿದ್ದಳು. "ಮೂರು ಸಲ ಅಂದಾರ, ನಾಲ್ಕು ತೊಳದ್ರ ಏನ ಕಡಿಮಿ?" ಎಂದಳು.

ಆರನೇ ತಿಂಗಳಿಗೆ ಮೈಮುನಬಿಯ ಮನಸ್ಸೇ ಅಳ್ಳಾಡಿತು. ಒಂದೂ ಸಲ ಬಿದ್ದಿರಲಿಲ್ಲ. ರೋಗ ಇಲ್ಲದವಳಿಗೆ ಗುಳಿಗೆ ಯಾಕೆ? ನಿಲ್ಲಿಸುವ ಮುಂಚೆ ಒಂದು ಮಾತು ಕೇಳೋಣ ಎಂದು ಸ್ಟೇಷನ್ ಹತ್ತಿರದ ಬೂತಿನಿಂದ ಜಹೀದಾಗೆ ಫೋನು ಮಾಡಿದಳು.

"ಗಾಯ ಹಕ್ಕಳಿ ಕಟ್ಟಿದ ಕೂಡ್ಲೆ ಯಾರರ ಅದನ್ನ ಕೀಳ್ತಾರೇನು ಖಾಲಾ? ಒಳಗ ಇನ್ನೂ ಮಾಯಬೇಕು. ನಿಲ್ಲಸೂದು ಡಾಕ್ಟರು ಹೇಳ್ತಾರ."

ಮೈಮುನಬಿ ಫೋನು ಇಟ್ಟು ಮನೆಗೆ ಬಂದು ಮೊದಲು ಮಗಳಿಗೆ ಅಂದಿನ ಗುಳಿಗೆ ನುಂಗಿಸಿದಳು.

ಎರಡು ವರ್ಷದ ಮೇಲೆ, ಎರಡು ಸಾವಿರದ ಎಂಟರಲ್ಲಿ, ಮತ್ತೆ ಸ್ಕ್ಯಾನ್ ಆಯಿತು. ಈ ಸಲ ಮಾಳಿಂಗರಾಯರು ಮೈಮುನಬಿಯನ್ನೇ ಹಲಗೆಯ ಹತ್ತಿರ ಕರೆದರು. "ಎಲ್ಲೈತಿ ಹುಡುಕ್ರಿ ನೋಡೂಣು."

ಅವಳು ಕಣ್ಣು ಕಿರಿದು ಮಾಡಿ ಹುಡುಕಿದಳು. ಉಂಗುರ ಇರಲಿಲ್ಲ. ಚುಕ್ಕಿ ಇರಲಿಲ್ಲ. "ಇಲ್ರಿ... ಏನೂ ಇಲ್ರಿ!"

"ಏನೂ ಇಲ್ಲ. ಗುಳಿಗಿ ಈಗಿಂದ ಸಾವಕಾಶ ಕಡಿಮಿ ಮಾಡಿ, ನಾಲ್ಕು ತಿಂಗಳಿಗೆ ಬಿಡೂಣು."

ಹೊರಗೆ ಬಂದು ಮೈಮುನಬಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮನಸ್ಸು ಬಿಚ್ಚಿ ಅತ್ತಳು. ಅಂಜುಮ ಗಾಬರಿಯಾದಳು. "ಯಾಕಮ್ಮಾ, ವಾಸಿ ಆತಲ್ಲ!" ಇಸ್ಮಾಯಿಲಸಾಬ ಮಗಳ ಕೈ ಹಿಡಿದು, "ಅಳಲಿ ಬಿಡು," ಎಂದ. "ಎರಡು ವರ್ಷ ಹೆದರಿಕೀಲೆ ಅಳೂದನ್ನೂ ಮರತಿದ್ಲು. ಅತ್ತು ಹಗರ ಆಗಲಿ." ಆಮೇಲೆ ಮೂವರೂ ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ಟು ತಿಂದು ಸಂಜೆಯ ಬಸ್ಸಿಗೆ ಊರ ದಾರಿ ಹಿಡಿದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ, ಕೇಳಿದ ನಿಮ್ಮ ಓಣಿಯಲ್ಲೂ ಒಬ್ಬ ಅಂಜುಮ ಇರಬಹುದು. ಅವಳು ಬಿದ್ದಾಗ ಕೀಲಿಕೈ ಹುಡುಕಬೇಡಿ, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಬರೆ ಹಾಕಿಸಬೇಡಿ, ಒಳಗೆ ಬಚ್ಚಿಡಬೇಡಿ, ಡಾಕ್ಟರು ಹೇಳುವವರೆಗೆ ಗುಳಿಗೆ ಬಿಡಬೇಡಿ. ಎಲ್ಲರದೂ ಹುಳವೇ ಇರಲಿಕ್ಕಿಲ್ಲ, ಕಾರಣ ಬೇರೆ ಇರಬಹುದು. ಯಾವುದೆಂದು ಹೇಳಬೇಕಾದವರು ಡಾಕ್ಟರು, ಊರ ಮಂದಿಯಲ್ಲ. ಇನ್ನು, ನಿಮ್ಮ ಮನೆಯ ಹುಡುಗಿ ಯಾವುದಾದರೂ ಒಂದು ವಿಷಯ "ಯಾಕ ಹಿಂಗ?" ಎಂದು ಕೇಳಿದರೆ ಸುಮ್ಮನಾಗಿಸಬೇಡಿ. ಅವಳು ಓದಲಿ. ಯಾರದೋ ಮಗಳ ಜೀವ ಆ ಪ್ರಶ್ನೆಯಿಂದ ಉಳಿದೀತು.