ತುಳಸಿ ಬುಡದ ತಂತಿ

ಎಪ್ಪತ್ತೊಂಬತ್ತರ ಬೇಸಿಗೆ. ಆ ಬೆಳಗ್ಗೆ ಆಕಾಶದ ತುಂಬ ಮೋಡ ಕಟ್ಟಿತ್ತು, ಒಂದು ಹನಿ ಬೀಳಲಿಲ್ಲ. ಎಲೆ ಅಲುಗದ ಧಗೆ. ಜಗಲಿಯಲ್ಲಿ ನಿಂತು ಫೋನಿನ ಹಿಡಿ ತಿರುವುತ್ತಿದ್ದ ಮುಕುಂದಯ್ಯನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

"ಹಲೋ! ರಿಪ್ಪನ್‌ಪೇಟೆ! ಹಲೋ!"

ಉತ್ತರವಿಲ್ಲ. ಸಾಗರದ ಆಸ್ಪತ್ರೆಯಲ್ಲಿ ಮಗಳು ಹೂವಿ ನೋವು ತಿನ್ನುತ್ತಿದ್ದಳು. ಮಗು ಅಡ್ಡ ತಿರುಗಿದೆ, ಆಪರೇಷನ್ ಆದರೂ ಆದೀತು, ಬೆಳಗ್ಗೆ ಫೋನ್ ಮಾಡುತ್ತೇನೆ ಎಂದು ಅಳಿಯ ನಿನ್ನೆ ಬಸ್ಸಿನವರ ಹತ್ತಿರ ಹೇಳಿ ಕಳಿಸಿದ್ದ. ಹೋಗಿ ನೋಡೋಣವೆಂದರೆ ದಾಯಾದಿಯೊಬ್ಬ ತೀರಿಕೊಂಡು ಮನೆಗೆ ಸೂತಕ. ಹೆರಿಗೆ ಕೋಣೆಯ ಬಾಗಿಲಿಗೆ ಆ ಮೈಲಿಗೆ ಹೊತ್ತು ಹೋಗುವಂತಿರಲಿಲ್ಲ. ಉಳಿದದ್ದು ರಿಪ್ಪನ್‌ಪೇಟೆಯ ಎಕ್ಸ್‌ಚೇಂಜಿನಿಂದ ಗುಡ್ಡ ಹತ್ತಿಳಿದು ಬರುವ ಆ ಒಂಟಿ ಫೋನ್ ತಂತಿ ಮಾತ್ರ.

ಫೋನು ಕುಕ್ಕಿ, ತಂತಿಯ ಜಾಡು ಹಿಡಿದು ಹೊರಟ. ಕಂಬದಿಂದ ಕಂಬಕ್ಕೆ ಕತ್ತೆತ್ತಿ ನೋಡುತ್ತ ಗುಡ್ಡದ ನೆತ್ತಿಗೆ ಬಂದರೆ, ನೆರೆಮನೆಯ ಭೂತಪ್ಪ ಮತ್ತಿಮರದಲ್ಲಿ ಕೂತು ಕೊಟ್ಟಿಗೆಗೆ ಸೊಪ್ಪು ಕಡಿಯುತ್ತಿದ್ದಾನೆ. ಕೊಂಬೆಯ ಪಕ್ಕದಲ್ಲೇ ತಂತಿ.

"ಇಳಿಯೋ ಕೆಳಗೆ! ನನ್ ಲೈನ್ ಹಾಳ್ ಮಾಡಿದ್ದು ನೀನೇ!"

"ತಂತಿ ನೆಟ್ಟಗೆ ಐತಲ್ಲ ಮಾರಾಯ! ನಿನ್ ಫೋನಿಗೆ ಕಿವಿ ಕೆಪ್ಪಾದ್ರೆ ನಾನೇನ್ ಮಾಡ್ಲಿ?"

ಮಾತಿಗೆ ಮಾತು ಬೆಳೆಯಿತು. ಭೂತಪ್ಪ ಇಳಿದು, ಕತ್ತಿ ಕೆಳಗಿಟ್ಟು ಸೊಪ್ಪಿನ ಹೊರೆ ಕಟ್ಟಲು ಬಗ್ಗಿದ್ದೇ ತಡ, ಮುಕುಂದಯ್ಯ ಕತ್ತಿ ಎತ್ತಿಕೊಂಡ.

"ಲೈನ್ ಸರಿಯಾಗೋ ತನಕ ಇದು ನನ್ ಹತ್ರ ಇರ್ಲಿ!"

"ನಮ್ಮಪ್ಪನ ಕಾಲದ ಕತ್ತಿ ಅದು! ಕೊಡು!" ಭೂತಪ್ಪ ಬೈಯುತ್ತ ಮನೆಯ ತನಕ ಹಿಂದೆಯೇ ಬಂದ.

ಅಂಗಳದಲ್ಲಿ ಮುಕುಂದಯ್ಯನ ಹೆಂಡತಿ ದುಗ್ಗಮ್ಮ ತುಳಸಿಕಟ್ಟೆಯಿಂದ ಮಾರು ದೂರದಲ್ಲಿ ನಿಂತಿದ್ದಳು. ತಾಯಿ ತುಳಸಿ ಬಾಡಿ ತಲೆ ಬಾಗಿಸಿದ್ದಳು. ಬುಡದ ಮಣ್ಣು ಬಿರುಕು ಬಿಟ್ಟಿತ್ತು.

"ಜಗಳ ಸಾಕು ಮಾಡ್ರಿ ಇಬ್ರೂ. ಫೋನ್ ಹಾಕ್ದಾಗ ಲೈನ್‌ಮನ್ ಏನ್ ಹೇಳಿದ್ದ? ಫೋನಿಂದ ಮಣ್ಣಿಗಿಳಿಯೋ ಅರ್ತ್ ತಂತಿ ಹೂತ ಜಾಗ ಯಾವಾಗ್ಲೂ ಹಸಿ ಇರ್ಬೇಕು, ಒಣಗಿದ್ರೆ ಮಾತು ಹೋಗಲ್ಲ ಅಂತ. ದಿನಾ ನೀರ್ ಬೀಳ್ತದೆ ಅಂತ ತುಳಸಿ ಬುಡದಲ್ಲೇ ಹೂಳ್ಸಿದ್ದು ನಾನು. ಸೂತಕ ಬಂದ್ಮೇಲೆ ಯಾರ್ ನೀರ್ ಹಾಕಿದಾರೆ?"

ಮುಕುಂದಯ್ಯ ಕತ್ತಿಯನ್ನು ಜಗಲಿಗೆ ಎಸೆದು ಕೊಡಪಾನಕ್ಕೆ ಕೈ ಹಾಕಿದ.

"ಬ್ಯಾಡ! ಮಗಳು ಅಲ್ಲಿ ಜೀವ ಹಿಡ್ಕಂಡ್ ಮಲಗಿದಾಳೆ. ಸೂತಕದ ಕೈಲಿ ತುಳಸಿ ಮುಟ್ಬೇಡಿ." ದುಗ್ಗಮ್ಮ ಭೂತಪ್ಪನ ಕಡೆ ತಿರುಗಿದಳು. "ಭೂತಣ್ಣ, ನಿಂಗೆ ಸೂತಕ ಇಲ್ಲ."

"ಲೈನ್ ಹಾಳ್ ಮಾಡಿದೋನ್ ಕೈ ನೀರು ತುಳಸಿಗೆ ಆಗ್ತದಾ ಅಂತ ನಿನ್ ಗಂಡನ್ನ ಕೇಳು ತಂಗಿ."

ಮುಕುಂದಯ್ಯ ಹಲ್ಲು ಕಚ್ಚಿದ. ಸಿಟ್ಟು ಇಳಿದಿರಲಿಲ್ಲ, ಅದಕ್ಕೆ ಹೋಗಲು ದಾರಿ ಮಾತ್ರ ಇರಲಿಲ್ಲ. "ಹಾಕು ಮಾರಾಯ," ಎಂದ, ಬೈದ ಹಾಗೆ.

"ಹೂವಿ ಮುಖ ನೋಡಿ ಹಾಕ್ತೀನಿ. ನಿನ್ ಮುಖ ನೋಡಿ ಅಲ್ಲ."

ಭೂತಪ್ಪ ಬಾವಿಯಲ್ಲಿ ಕೈಕಾಲು ತೊಳೆದು, ತಾನೇ ನೀರು ಸೇದಿ, ಚಪ್ಪಲಿ ಬಿಟ್ಟ ಕಾಲಲ್ಲಿ ಕಟ್ಟೆಗೆ ಬಂದು ಸುರಿದ. ಎಷ್ಟು ಸುರಿದರೂ ಮಣ್ಣು ಕುಡಿಯುತ್ತಲೇ ಇತ್ತು. ಮೂವರೂ ಜಗಲಿಯ ಫೋನಿನ ಕಡೆ ಕಣ್ಣಿಟ್ಟು ಕೂತರು. ದುಗ್ಗಮ್ಮನ ತುಟಿ ದೇವರ ಹೆಸರು ಹೇಳುತ್ತಿತ್ತು.

ಫೋನಿನ ಗಂಟೆ ಹೊಡೆದುಕೊಂಡಿತು.

ಮುಕುಂದಯ್ಯ ಓಡಿದ. ಅಳಿಯನ ದನಿ ಪಾತಾಳದಿಂದ ಬಂದಂತೆ ಬಂತು: "ಹೆಣ್ಣು, ಮಾವ! ಮಗು ತಾನೇ ತಿರುಗ್ತು, ಆಪರೇಷನ್ ಬೇಕಾಗ್ಲಿಲ್ಲ. ಇಬ್ರೂ ಹುಷಾರಿದಾರೆ."

ಮುಕುಂದಯ್ಯ ಕೂಗಿ ಹೇಳಿದ್ದೇ ದುಗ್ಗಮ್ಮ ಎದ್ದು ದೂರದಿಂದಲೇ ತುಳಸಿಗೆ ಕೈ ಮುಗಿದಳು. ಭೂತಪ್ಪ ಹೊರಡಲು ಎದ್ದ.

ಮುಕುಂದಯ್ಯ ಜಗಲಿಯ ಕತ್ತಿ ತೆಗೆದುಕೊಂಡು ಹೆಗಲ ಪಂಚೆಯಿಂದ ಒರೆಸಿದ. ಅಂಗಳಕ್ಕಿಳಿದು, ಅಲಗನ್ನು ತನ್ನ ಕಡೆಗಿಟ್ಟು, ಹಿಡಿಯನ್ನು ಭೂತಪ್ಪನ ಕೈಗೆ ಕೊಟ್ಟ.