ತೊಟ್ಟಿಲಿನ ಬೆಸುಗೆಯೂ ಟಂಗ್‌ಸ್ಟನ್ ಕಡ್ಡಿಯ ಮೊನೆಯೂ

ಕಟಕೋಳದಲ್ಲಿ ಒಂದು ಮನೆಗೆ ಸಾಣೆ ಯಂತ್ರ ಬಂತೆಂದರೆ ಅದು ಓಣಿಗೆಲ್ಲ ಬಂದ ಹಾಗೆ. ಜೋಳದ ಸುಗ್ಗಿ ಶುರುವಾದರೆ ಸಾಕು, ನಿಂಗರಾಜನ ಮನೆ ಮುಂದೆ ಕುಡಗೋಲು ಹಿಡಿದವರ ಸಾಲು. ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ. ಇಲ್ಲ ಅಂದರೆ ಅವನ ತಾಯಿ ಕೆಂಚವ್ವ ಮಗನ ಜೊತೆ ಮಾತೇ ಬಿಡುತ್ತಾಳೆ.

ನಿಂಗರಾಜ ಒಕ್ಕಲುತನದವನು. ಹೊಲದ ಕೆಲಸ ಮುಗಿದರೆ ಅವನಿಗೊಂದು ಹುಚ್ಚು, ಟಿಗ್ ವೆಲ್ಡಿಂಗ್. ಟಂಗ್‌ಸ್ಟನ್ ಕಡ್ಡಿಯ ಮೊನೆಯಿಂದ ಉರಿ ಹೊತ್ತಿಸಿ, ಆರ್ಗಾನ್ ಗ್ಯಾಸಿನ ಆಸರೆಯಲ್ಲಿ ಸ್ಟೀಲ್ ಬೆಸೆಯುವ ಕೆಲಸ ಅದು. ಮಾಡುವುದು ಮನೆಗೆ ಹತ್ತಿಕೊಂಡ ತಗಡಿನ ಪತ್ರಾಸಿನ ಶೆಡ್ಡಿನಲ್ಲಿ, ಸಾಣೆ ಯಂತ್ರ ಇರುವುದೂ ಅಲ್ಲೇ. ಶೆಡ್ಡಿನ ಗೋಡೆಯ ಆಚೆಗೇ ಬಾಣಂತಿ ಕೋಣೆ, ನಡುವೆ ಒಂದು ಬಾಗಿಲು. ತಂಗಿ ಶೈಲಶ್ರೀ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಕೂಸಿಗೆ ಸೋದರಮಾವನ ಕೈಯಿಂದಲೇ ಸ್ಟೀಲಿನ ತೊಟ್ಟಿಲು ಅಂತ ನಿಂಗರಾಜ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ತೊಟ್ಟಿಲೇನೋ ನಿಂತಿತು. ಜೋಳದ ಚೀಲ ಇಟ್ಟು ತೂಗಿ ನೋಡಿದ. ಮೂಲೆಯ ಬೆಸುಗೆ ಫಟ್ಟನೆ ಬಿಟ್ಟು ಚೀಲ ನೆಲಕ್ಕೆ ಬಿತ್ತು. ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಶೈಲಶ್ರೀ ನಿಂತಿದ್ದಳು.

"ಅಣ್ಣಾ, ಆ ಚೀಲದ ಜಾಗಾದಾಗ ನನ್ನ ಕೂಸು ಇದ್ದಿದ್ರ?"

ನಿಂಗರಾಜ ಬಿದ್ದ ಚೀಲವನ್ನು ಎತ್ತಿ ಬದಿಗಿಟ್ಟ. ಅವನಿಗೆ ಅಳು ಬರುವುದೊಂದು ಬಾಕಿ.

ಅಲ್ಲಿಂದ ಶುರುವಾಯಿತು ಗೊಂದಲ. ಗ್ಯಾಸ್ ಸಿಲಿಂಡರ್ ಬದಲಿಸಿದ. ಕರೆಂಟ್ ಏರಿಸಿದ, ಇಳಿಸಿದ. ಪೈಪು ತಿಕ್ಕಿ ತಿಕ್ಕಿ ತೊಳೆದ. ಆದರೂ ಉರಿ ಒಂದು ಕಡೆ ನಿಲ್ಲದು, ಬೆಸುಗೆ ಕರ್ರಗೆ. ರಾಮದುರ್ಗದ ಅಂಗಡಿಯವನು, "ಕಡ್ಡಿ ಮೊನಿ ಸರಿ ಇಲ್ರಿ, ಶಾರ್ಪನರ್ ತಗೋರಿ" ಅಂದ. ಫೋನಿನಲ್ಲಿ ಹುಡುಕಿದರೆ ಹತ್ತಾರು ಶಾರ್ಪನರ್. ಒಂದನ್ನು ಮೇಜಿಗೆ ಬಿಗಿಯಬೇಕು, ಒಂದನ್ನು ಡ್ರಿಲ್ಲಿಗೆ ಸಿಕ್ಕಿಸಬೇಕು, ಇನ್ನೊಂದರಲ್ಲಿ ಯಂತ್ರವೇ ಇಲ್ಲ, ಕಾಯಿಸಿದ ಕಡ್ಡಿಯನ್ನು ಏನೋ ಪುಡಿಯಲ್ಲಿ ಅದ್ದಬೇಕಂತೆ. ಮೊನೆ ಹದಿನೈದು ಡಿಗ್ರಿ ಇರಲಿ ಅಂತ ಒಬ್ಬ, ಅರವತ್ತು ಅಂತ ಮತ್ತೊಬ್ಬ. ನಿಂಗರಾಜನ ತಲೆ ಗಿರ್ರೆಂದಿತು.

"ಪೆನ್ಸಿಲ್ ಕೆತ್ತೂದಕ್ಕ ಇಷ್ಟ್ಯಾಕೋ ಗದ್ದಲಾ? ಮನ್ಯಾಗ ಸಾಣಿ ಐತಿ, ಹಿಡದ್ರಾತು" ಅಂದಳು ಕೆಂಚವ್ವ.

"ಅದರ ಮ್ಯಾಲ ಹಿಡದಽ ಹಿಂಗಾಗೇತೇನೋ ಅಂತ ನನಗ ಸಂಶೆ ಯವ್ವಾ."

"ಓಣ್ಯಾಗಿನ ಕುಡಗೋಲೆಲ್ಲಾ ಚೂಪ್ ಆಗತಾವು, ನಿನ್ನ ಕಡ್ಡಿಗೇನ್ ಧಾಡಿ?"

ಅದೂ ಖರೆ ಅನ್ನಿಸಿತು. ಮತ್ತೆ ಗೊಂದಲ.

ಅಷ್ಟರಲ್ಲಿ ಕೂಸನ್ನು ನೋಡಲು ಸ್ನೇಹಲ್ ಬಂದಳು. ಶೈಲಶ್ರೀಯ ಗೆಳತಿ, ರಾಮದುರ್ಗದಲ್ಲಿ ಹುಡುಗರಿಗೆ ವೆಲ್ಡಿಂಗ್ ಕಲಿಸುವವಳು. ಚಹಾ ಕುಡಿದು, ಮುರಿದ ತೊಟ್ಟಿಲು ನೋಡಿ, ನೆಟ್ಟಗೆ ಶೆಡ್ಡಿಗೆ ನಡೆದಳು. ಮೊದಲು ಗ್ಯಾಸು, ಅದು ಹಾದು ಬರುವ ನಳಿಗೆ ನೋಡಿದಳು. ಎಲ್ಲಾ ಸರಿ ಇದ್ದವು.

"ಕಡ್ಡಿ ಹೆಂಗ್ ಸಾಣಿ ಹಿಡೀತೀರಿ, ಒಮ್ಮೆ ತೋರಸ್ರಿ ಅಣ್ಣಾರ."

ನಿಂಗರಾಜ ತುದಿಗೆ ಕೆಂಪು ಪಟ್ಟಿ ಬಳಿದ ಟಂಗ್‌ಸ್ಟನ್ ಕಡ್ಡಿಯನ್ನು ಓಣಿಯ ಕುಡಗೋಲುಗಳನ್ನೆಲ್ಲ ಉಜ್ಜಿದ ಅದೇ ಸಾಣೆ ಕಲ್ಲಿಗೆ ಅಡ್ಡ ಹಿಡಿದ. ಪುಡಿ ಹಾರಿತು. ಅಭ್ಯಾಸದಂತೆ ಕೆಂಚವ್ವ ಕಸಬರಿಗೆ ತಂದು ಗುಡಿಸತೊಡಗಿದಳು.

"ಅವ್ವಾರ, ಕಸಬರಗಿ ಇಡ್ರಿ ಕೆಳಗ!" ಸ್ನೇಹಲ್ ಓಡಿ ಹೋಗಿ ಬಾಣಂತಿ ಕೋಣೆಯ ಬಾಗಿಲು ಹಾಕಿದಳು. "ಅಣ್ಣಾರ, ಕೆಂಪು ಪಟ್ಟಿ ಕಡ್ಡ್ಯಾಗ ಥೋರಿಯಂ ಇರತೈತಿ. ಕಡ್ಡಿ ಮುಟ್ಟಿದ್ರ ಹೆದರಿಕಿ ಇಲ್ಲ. ಆದ್ರ ಸಾಣಿ ಹಿಡದಾಗ ಏಳೂ ಪುಡಿ ಉಸಿರಿನಾಗ ಹೋಗಬಾರ್ದು. ಅದು ವಿಕಿರಣದ ವಸ್ತು."

"ಇಷ್ಟ ವರ್ಷ ಸಾಣಿ ಹಿಡದೇವಿ, ಯಾರಿಗೇನಾಗೇತ್ರಿ ಅಕ್ಕಾರ?" ಕೆಂಚವ್ವ ಸೊಂಟದ ಮೇಲೆ ಕೈಯಿಟ್ಟಳು.

ಸ್ನೇಹಲ್ ವಾದ ಮಾಡಲಿಲ್ಲ. ಒದ್ದೆ ಅರಿವೆಯಿಂದ ಬಾಣಂತಿ ಕೋಣೆಯ ಕಿಟಕಿ ಕಟ್ಟೆ ಒರೆಸಿ ತೋರಿಸಿದಳು. ಅರಿವೆ ಕಪ್ಪಾಗಿತ್ತು.

"ಇದರಾಗ ಕುಡಗೋಲದ್ದೆಷ್ಟು, ಕಡ್ಡೀದೆಷ್ಟು, ನನಗೂ ಗೊತ್ತಿಲ್ರಿ ಅವ್ವಾರ. ಆದ್ರ ಇದನ್ನ ಕೂಸು ಉಸಿರಾಡೂದು ಬ್ಯಾಡ."

ಕೆಂಚವ್ವ ಅರಿವೆಯನ್ನು ನೋಡಿದಳು, ಕೈಯಲ್ಲಿದ್ದ ಕಸಬರಿಗೆಯನ್ನು ನೋಡಿದಳು. "ಯವ್ವಾ... ನಾನಽ ದಿನಾ ಗುಡಿಸಿ ಗುಡಿಸಿ ಒಳಗ ಕಳಸೇನಲ್ಲಾ!" ಅಂತ ಕಸಬರಿಗೆಯನ್ನು ಹೊರಗೆ ಎಸೆದಳು.

"ಹಂಗಾರ ಕೂಸಿಗೇನಾರ ಆಗೇತೇನ್ರಿ?" ನಿಂಗರಾಜ ಕಡ್ಡಿ ಕೆಳಗಿಟ್ಟು ಕೇಳಿದ.

"ಗಾಬರಿ ಆಗಬ್ಯಾಡ್ರಿ. ನೀವು ಕಡ್ಡಿ ಸಾಣಿ ಹಿಡಿಯೂದು ಸ್ವಲ್ಪಽ. ಸಮಾಧಾನಕ್ಕ ಡಾಕ್ಟರ್ ಮುಂದ ಒಂದ್ ಮಾತು ಹೇಳ್ರಿ. ಇವತ್ತಿಂದ ಇದನ್ನ ನಿಲ್ಲಸ್ರಿ."

"ಬೆಸಗಿ ಯಾಕ ಬಿಡ್ತು?"

"ಕುಡಗೋಲದ ಕಬ್ಬಿಣ ಕಲ್ಲಿನಾಗ ಕುಂತೈತಿ. ಅದು ಕಡ್ಡಿಗೆ ಹತ್ತಿ, ಬೆಸಗೀಗೂ ಇಳೀತೈತಿ. ಮತ್ತ ನೀವು ಕಡ್ಡಿ ಅಡ್ಡ ಹಿಡೀತೀರಿ, ಸಾಣಿ ಗೆರಿ ಮೊನಿ ಸುತ್ತಲೂ ಬೀಳತಾವು, ಉರಿ ಆ ಕಡಿ ಈ ಕಡಿ ಓಡತೈತಿ. ಗೆರಿ ಮೊನಿ ಕಡೆ ಉದ್ದಕ್ಕ ಬೀಳಬೇಕು."

"ಯಾವ ಶಾರ್ಪನರ್ ತಗೋಲಿ? ನನಗಂತೂ ತಿಳೀವಲ್ದು."

"ನೀವೇನ್ ಕಾರ್ಖಾನಿ ನಡಸ್ತೀರೇನು? ಮೇಜಿನ ಮಷಿನ್ ಬ್ಯಾಡ. ಅದ್ದೂ ಪುಡಿ ಬಿಸಿಗೆ ಹೊಗಿ ಬಿಡತೈತಿ, ಬಾಣಂತಿ ಇರೂ ಮನ್ಯಾಗ ಅದೂ ಬ್ಯಾಡ. ಕೈಯಾಗ ಹಿಡಿಯೂ ಸಣ್ಣದು ಸಾಕು. ವಜ್ರದ ಪುಡಿ ಹಚ್ಚಿದ ಚಕ್ರ ಇರಲಿ, ಸವದ್ರ ಬ್ಯಾರೆ ಚಕ್ರ ಸಿಗೂಹಂಗ ಇರಲಿ. ನಿಮ್ಮ ಕಡ್ಡಿ ದಪ್ಪಕ್ಕ ಸರಿಯಾದ ತೂತು ಐತೇನು ನೋಡ್ರಿ. ಪುಡಿ ಹೊರಗ ಹಾರದಂಗ ಮುಚ್ಚಳಾ ಇದ್ದದ್ದನ್ನಽ ಆರಸ್ರಿ."

"ಡಿಗ್ರಿ?"

"ತೊಟ್ಟಲದಂಥಾ ತೆಳು ಪೈಪಿಗೆ ಮೂವತ್ತರ ಆಜುಬಾಜು. ಕಡ್ಡಿ ಲ್ಯಾಂಥನಮ್‌ದು ತರ್ರಿ, ಅದರಾಗ ಥೋರಿಯಂ ಇಲ್ಲ. ಬರೇ ಪಟ್ಟಿ ಬಣ್ಣ ನೋಡಿ ತರಬ್ಯಾಡ್ರಿ, ಡಬ್ಬಿ ಮ್ಯಾಲೆ ಬರದದ್ದು ಓದ್ರಿ."

ಕೆಂಪು ಪಟ್ಟಿಯ ಕಡ್ಡಿಗಳು ಮುಚ್ಚಳದ ಡಬ್ಬಿ ಸೇರಿದವು. ಶೆಡ್ಡನ್ನು ಗುಡಿಸಲಿಲ್ಲ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಅರಿವೆಯಿಂದ ಒರೆಸಿದರು. ಓಣಿಯ ಸಾಣೆ ಯಂತ್ರವನ್ನು ಕೆಂಚವ್ವನೇ ಮುಂದೆ ನಿಂತು ಹಿತ್ತಲ ಬೇವಿನ ಗಿಡದ ಕೆಳಗೆ ಇಡಿಸಿದಳು. ಹೊಸ ಶಾರ್ಪನರ್ ಬಂದ ದಿನ ಪಕ್ಕದ ಮನೆಯ ಬಾಳೇಶ ಕುಡಗೋಲು ಹಿಡಿದು ಶೆಡ್ಡಿನೊಳಗೆ ಕಾಲಿಟ್ಟ.

"ಏ ಬಾಳೇಶಾ, ನಿಂದು ಹಿತ್ತಲದಾಗೈತಿ ಹೋಗು! ಇದಕ್ಕ ಟಂಗ್‌ಸ್ಟನ್ ಬಿಟ್ರ ಬ್ಯಾರೆ ಏನೂ ಮುಟ್ಟಸಾಂಗಿಲ್ಲ" ಅಂದಳು ಕೆಂಚವ್ವ. ಬಾಳೇಶ ಕಕ್ಕಾಬಿಕ್ಕಿಯಾಗಿ ಹಿತ್ತಲಿಗೆ ನಡೆದ.

ನಿಂಗರಾಜ ಹಳೆಯ ಬೆಸುಗೆಗಳನ್ನೆಲ್ಲ ಕತ್ತರಿಸಿ ತೆಗೆದು ಹೊಸದಾಗಿ ಹಾಕಿದ. ಉರಿ ನೆಟ್ಟಗೆ ನಿಂತಿತು, ಬೆಸುಗೆ ಹೊಳೆಯಿತು. ಸ್ನೇಹಲ್ ಬಂದು ಒಂದೊಂದು ಮೂಲೆ ನೋಡಿದ ಮೇಲೆ ಎರಡು ಚೀಲ ಇಟ್ಟು ತೂಗಿದರು. ತೊಟ್ಟಿಲು ಜಗ್ಗಲಿಲ್ಲ. ಆದರೂ ಶೈಲಶ್ರೀ ಅಣ್ಣನ ಮುಖವನ್ನೇ ನೋಡುತ್ತ ನಿಂತಳು. "ಮಲಗಸವ್ವಾ, ಈಗ ನನಗ ಧೈರ್ಯ ಐತಿ" ಅಂತ ನಿಂಗರಾಜ ಅಂದ ಮೇಲೇ ಕೂಸನ್ನು ಮಲಗಿಸಿದಳು. ಅವನ ಕಣ್ಣು ತುಂಬಿತ್ತು.

ಮನೆಯಲ್ಲಿ ಟಿಗ್ ವೆಲ್ಡಿಂಗ್ ಮಾಡುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಅಂಗಡಿಯಲ್ಲಿ ತಲೆ ಗಿರ್ರೆಂದರೆ ನಾಚಬೇಡಿ, ತಿಳಿದವರನ್ನು ಕೇಳಿ. ಟಂಗ್‌ಸ್ಟನ್‌ಗೆ ಬೇರೆಯೇ ಚಕ್ರ ಇಡಿ, ಪುಡಿ ಹಿಡಿದಿಡುವ ಶಾರ್ಪನರನ್ನೇ ಕೊಳ್ಳಿ, ಥೋರಿಯಂ ಇಲ್ಲದ ಕಡ್ಡಿ ತನ್ನಿ, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ, ಒದ್ದೆ ಅರಿವೆಯಿಂದ ಒರೆಸಿ, ಕೈ ತೊಳೆದುಕೊಳ್ಳಿ. ನಿಮ್ಮ ಮೂಗಿಗೆ ನೀವು ಮಾಸ್ಕ್ ಕಟ್ಟಿಕೊಳ್ಳುತ್ತೀರಿ. ಪಕ್ಕದ ಕೋಣೆಯಲ್ಲಿ ಮಲಗಿದ ಕೂಸಿಗೆ ಯಾರು ಕಟ್ಟುತ್ತಾರೆ?